ನಮಗಿಂತ ಮೊದಲ ಹೊಂಟ ಗಂಟು

ಗೆಳೆಯರ, ಇವತ್ತ ನಾನು ನಿಜಾಮ ಸರಕಾರದ ಕಚೇರಿಗೆ ಹೆಂಡತಿ ಸೀರಿ ಉಟ್ಕೊಂಡು ಹೋಗಿದ್ದೆ. ನಗೂದಿದ್ರ ಈಗ ನಕ್ಕುಬಿಡ್ರಿ.

ನಾಳೆ ಶುಕ್ರವಾರ ನಾವು ಗಂಡ ಹೆಂಡತಿ ಲಿಂಗಸುಗೂರು ಬಿಟ್ಟು ಹುಬ್ಬಳ್ಳಿ, ಕಾರವಾರ, ಗೋಕರ್ಣ ಅಂತ ಸಮುದ್ರ ನೋಡಾಕ ಹೊಂಟೀವಿ. ಆದ್ರ ಶುಕ್ರವಾರ ಪಡುವಣ ದಿಕ್ಕಿಗೆ ಹೊರಡಬಾರದಂತ. ಅದಕ್ಕ ಇಕಿ ಇವತ್ತ ಮುಂಜಾನೆನ ನಮ್ಮ ಗಂಟು ಒಯ್ದು ಬಾಜೂ ಮನಿ ಗುರವ್ವಕ್ಕನ ಪಡಸಾಲ್ಯಾಗ ಇಟ್ಟು ಬಂದ್ಲು. ಗಂಟು ಹೊಸ್ತಿಲ ದಾಟಿದ್ರ ನಾವೂ ಹೊಂಟಂಗ ಲೆಕ್ಕ.

ಜಳಕ ಮಾಡಿ ಬಂದು, "ನನ್ನ ಧೋತ್ರ ಎಲ್ಲೈತಿ?" ಅಂದೆ.

"ಎಲ್ಲಾ ಗಂಟಿನ್ಯಾಗ ಅದಾವ್ರಿ."

"ಹೋಗಿ ಒಂದು ತಗೊಂಡು ಬಾ."

"ಹೊಂಟ ಗಂಟು ಬಿಚ್ಚಿದ್ರ ಪ್ರಯಾಣ ಕೆಡತೈತ್ರಿ!"

ನನ್ನ ಎಂಟು ದಿನದ ರಜಾ ಅರ್ಜಿಗೆ ಇವತ್ತ ಸಾಹೇಬರ ಸಹಿ ಆಗಲೇಬೇಕಿತ್ತು. ಮೈಮ್ಯಾಗಿದ್ದ ಧೋತ್ರ ಒಗ್ಯಾಕ ನೆನಿಹಾಕಿ ಆಗಿತ್ತು. ಇಕೀದ ಒಂದು ಇಳಕಲ್ ಸೀರಿನ ಧೋತ್ರದಂಗ ಕಚ್ಚಿ ಹಾಕಿ ಉಟ್ಟು, ಮ್ಯಾಲ ಶೇರವಾನಿ ತೊಟ್ಟು ಹೋದೆ. ಶೇರವಾನಿ ಕೆಳಗ ಜೋತುಬಿದ್ದ ಕೆಂಪು ಸೆರಗು ಸಾಹೇಬರು ನೋಡಿದ್ರು. ನನ್ನ ಮುಖ ನೋಡಿದ್ರು.

"ಮುನ್ಷೀಜಿ, ಎಂಟು ದಿನ ನಿಮಗ ಸಾಲಂಗಿಲ್ಲ. ಹದಿನೈದು ತಗೊಂಡು ಆರಾಮ ಮಾಡ್ರಿ" ಅಂತ ಸಹಿ ಹಾಕಿದ್ರು.

ಮನಿಗೆ ಬಂದು ಎಲ್ಲಾ ಹೇಳಿದೆ. ಇಕಿ ನಗಲೂ ಇಲ್ಲ. "ನೋಡಿದ್ರಿಲ್ಲೋ, ಗಂಟು ಇಟ್ಟ ಗಳಿಗಿ ಎಷ್ಟು ಚಲೋ ಐತಿ!" ಅಂದ್ಲು.