ಕರುವಿಗೆ ಹೊದಿಸಿದ ಕೌದಿ

ಗ್ರಂಥಾಲಯಗಳಿಗೆ ಹೋಗಿ ಹರಿದ ಪುಸ್ತಕಗಳನ್ನು ರದ್ದಿಗೆ ಹಾಕಿಸುವುದು ನನ್ನ ನೌಕರಿ. ಗುಡಗೇರಿ ಕಡೆಯ ಒಂದು ಹಳ್ಳಿಯಲ್ಲಿ, ನಾನು ಸಣ್ಣವನಿದ್ದಾಗ ಓದಿದ್ದ ಚಿತ್ರಪುಸ್ತಕವೇ ಕೈಗೆ ಸಿಕ್ಕಿತು. ತಾಯಿಯಿಂದ ತಪ್ಪಿಹೋದ ಕರು ಮಳೆಯಲ್ಲಿ ಒಂಟಿಯಾಗಿ ನಿಂತ ಪುಟ. ಅದರ ಮೇಲೆ ಯಾರೋ ಹಳದಿ ಸೀರೆಯ ತುಂಡೊಂದನ್ನು ಕೌದಿಯ ಹಾಗೆ ಹೊಲಿದಿದ್ದರು. ಕರುವಿನ ಮುಖವಷ್ಟೇ ಕಾಣುತ್ತಿತ್ತು.

“ಯಾರ್ ಮಾಡಿದ್ದಿದು? ಇನ್ನ ಇದು ರದ್ದಿಗೆ ಹೋಗತೈತಿ” ಎಂದು ಗದರಿದೆ.

ಮೂಲೆಯಲ್ಲಿ ಓದುತ್ತಿದ್ದ ಎಂಟು ವರ್ಷದ ಹುಡುಗಿ ಎದ್ದು ನಿಂತಳು. “ನಾನ್ರಿ. ಅದಕ್ಕ ಥಂಡಿ ಹತ್ತಿತ್ರಿ.”

“ಸೀರಿ ಯಾರದವ್ವಾ?”

“ನಮ್ಮವ್ವಂದ್ರಿ. ಆಕಿ ಈಗಿಲ್ರಿ.” ಆಮೇಲೆ ಅವಳೇ ನನಗೆ ಸಮಾಧಾನ ಹೇಳಿದಳು: “ಮುಂದಿನ ಪುಟದಾಗ ಅದರವ್ವ ಬರತಾಳ್ರಿ. ಅಲ್ಲೀತನಕಾ ಅಷ್ಟ ಹೊದಿಸೇನ್ರಿ.”

ವಹಿಯಲ್ಲಿ ಆ ಪುಸ್ತಕದ ಹೆಸರಿನ ಮುಂದೆ ‘ಸುಸ್ಥಿತಿಯಲ್ಲಿದೆ’ ಎಂದು ಬರೆದು ಹೊರಬಿದ್ದೆ.

ಬಸ್ಸಿಗೆ ಕಾಯುತ್ತಾ ಒಬ್ಬನೇ ಕೂತು ಊಟದ ಡಬ್ಬಿ ಬಿಚ್ಚಿದೆ. ನಮ್ಮವ್ವ ತೀರಿಕೊಂಡ ಮೇಲೆ ಅವಳ ಸೀರೆಗಳನ್ನೆಲ್ಲ ಪಾತ್ರೆ ಮಾರುವವಳಿಗೆ ಕೊಟ್ಟು ತಗೊಂಡ ಸ್ಟೀಲಿನ ಡಬ್ಬಿ ಅದು. ಅನ್ನ ತಣ್ಣಗಾಗಿತ್ತು. ಡಬ್ಬಿ ಮಾತ್ರ ಇನ್ನೂ ಸುಸ್ಥಿತಿಯಲ್ಲಿದೆ.