ಎದುರು ಮನೆಯ ತಾತನ ಮಾತ್ರೆಗಳು

ಕರುಮತ್ತಂಪಟ್ಟಿಯ ನಮ್ಮ ನೇಕಾರರ ಬೀದಿಯಲ್ಲಿ ಮೊಸರಿನ ಹೆಪ್ಪಿನಂತೆ ಮಾತ್ರೆಯನ್ನೂ ಮನೆಯಿಂದ ಮನೆಗೆ ಕೇಳಿ ತರುವ ರೂಢಿಯಿತ್ತು. ಎಂಬತ್ತರ ದಶಕದಲ್ಲಿ ಆ ರೂಢಿಯನ್ನು ಎತ್ತಿ ಹಿಡಿದವರು ಎದುರು ಮನೆಯ ತಾತ. ತಾತನನ್ನು ಎತ್ತಿ ಹಿಡಿಯುವ ಕೆಲಸ ಮಾತ್ರ ನಮ್ಮೆಲ್ಲರದು.

ಸೊಂಟದ ಮೂಳೆ ಮುರಿದು, ಕೋಲು ಹಿಡಿದು ಮತ್ತೆ ನಡೆಯಲು ಕಲಿಯುತ್ತಿದ್ದ ಅವರು, ಡಾಕ್ಟರು ಕೊಟ್ಟದ್ದರ ಜೊತೆಗೆ ಕಂಡವರ ನಿದ್ದೆಮಾತ್ರೆ, ಬಿಪಿ ಮಾತ್ರೆಗಳನ್ನೂ ನುಂಗುತ್ತಿದ್ದರು. ನುಂಗುವ ಮುನ್ನ ನೂಲು ಪರೀಕ್ಷಿಸುವಂತೆ ಬೆರಳುಗಳ ನಡುವೆ ಹೊರಳಿಸಿ ನೋಡುವರು. ತಲೆ ಸುತ್ತಿದರೆ ಅವರಿಗೆ ಸಮಾಧಾನ.

"ತಲೆ ಸುತ್ತಿದ್ರೆ ತಾನೆ ಮಾತ್ರೆ ಕೆಲಸ ಮಾಡ್ತದೆ ಅಂತ ಗೊತ್ತಾಗೋದು," ಅನ್ನುವರು.

ಸುತ್ತಿ ಬಿದ್ದಾಗ ತಪ್ಪು ನೆಲದ್ದು. ಮಗ ಮೊದಲು ಕೋಲು ಬದಲಿಸಿದ, ಆಮೇಲೆ ಹೊಸ್ತಿಲು ಕೀಳಿಸಿದ, ಅದೂ ಸಾಲದೆ ದೃಷ್ಟಿ ತೆಗೆಸಿದ. ಮಾತ್ರೆಯ ತಂಟೆಗೆ ಯಾರೂ ಹೋಗಲಿಲ್ಲ. ಅದು ಔಷಧ ಅಲ್ಲವೇ?

ಕಡೆಗೆ ಕೊಯಮತ್ತೂರಿನ ಆಸ್ಪತ್ರೆಯಲ್ಲಿ ಅವರಿಗೆ ನಡಿಗೆ ಕಲಿಸುತ್ತಿದ್ದ ಡಾಕ್ಟರಮ್ಮ, ಅವರು ಮಾತ್ರೆಗಳನ್ನು ಕಟ್ಟಿಕೊಂಡಿದ್ದ ಪಂಚೆಯ ಗಂಟು ಬಿಚ್ಚಿಸಿ, ಬೇಕಾದ ಒಂದನ್ನು ಉಳಿಸಿ ಮಿಕ್ಕ ಮಾತ್ರೆಗಳನ್ನೆಲ್ಲ ಎಸೆದರು.

ಕೆಲವು ದಿನಗಳ ಮೇಲೆ ಒಂದು ಬೆಳಿಗ್ಗೆ ತಾತ ಯಾರ ಕೈಯನ್ನೂ ಹಿಡಿಯದೆ ಬೀದಿ ದಾಟಿ, ನಮ್ಮ ಮೆಟ್ಟಿಲು ಹತ್ತಿ ಬಂದರು. ಅಮ್ಮ ಬೆರಗಾಗಿ ನೋಡುತ್ತ ನಿಂತಳು. ತಾತನ ಮುಖದಲ್ಲಿ ಮಾತ್ರ ಸಾವಿನ ಮನೆಯ ಕಳೆ.

"ತಲೇನೇ ಸುತ್ತಲ್ಲ ಅಮ್ಮಿಣಿ. ಡಾಕ್ಟರಮ್ಮ ನನ್ನ ಕೈಬಿಟ್ಟಂಗೆ ತೋರ್ತದೆ," ಎಂದವರೇ ಅಂಗೈ ಚಾಚಿದರು. "ನಿಮ್ಮತ್ತೆದು ಆ ನಿದ್ದೆಮಾತ್ರೆ ಒಂದಿದ್ರೆ ಕೊಡು."