ಹೆಸರು ಹಿಡಿದು ಕರೆಯದ ಮನೆ

“ಆ ಮನೇಲಿ ಅಜ್ಜೀನೇ ಅತ್ತೆ, ಸೋದರಮಾವನೇ ಗಂಡ. ಮುನಿಸಿಕೊಂಡು ತೌರಿಗೆ ಹೋಗ್ತೀನಿ ಅಂದ್ರೆ ಅಡುಗೆಮನೆಯಿಂದ ನಡುಮನೆಗೆ ಹೋಗ್ಬೇಕು ಅಷ್ಟೇ!” ಅಂತ ದೇವರಾಯಸಮುದ್ರದ ಹೆಂಗಸರು ಕೆರೆಯಲ್ಲಿ ಬಟ್ಟೆ ಒಗೆಯುತ್ತಾ ನಗಾಡೋರಂತೆ. ಪಕ್ಕದ ಮನೆ ಆಂಜಿನಮ್ಮ ಅದಕ್ಕೊಂದು ಸೇರಿಸೋಳು: “ರಾಯಲ್ಪಾಡಮ್ಮ ಕೋಪ ಬಂದ್ರೆ ತೆಲುಗಲ್ಲಿ ಬೈತಾಳೆ. ಬೈಸಿಕೊಂಡೋರಿಗೆ ಹಾಡು ಕೇಳಿದಂಗಿರ್ತದೆ ಕಣೇ.”

ಈ ರಾಯಲ್ಪಾಡಮ್ಮ ನನ್ನ ಅಜ್ಜಿ. ನಮ್ಮಮ್ಮ ಶಾಮಲಮ್ಮನನ್ನು ಹೆತ್ತವಳು. ಹುಟ್ಟಿದಾಗ ಇಟ್ಟ ಹೆಸರು ಮುನಿಗಂಗಮ್ಮ. ಅವಳ ತಾಯಿಯ ತಾಯಿಯ ಹೆಸರದು. ಮೊದಲ ಮೊಮ್ಮಗಳಿಗೆ ಅಜ್ಜಿ ಹೆಸರಿಡೋದು ನಮ್ಮ ಕಡೆ ವಾಡಿಕೆ. ಆಮೇಲೆ ಅದೇ ಅಜ್ಜಿಯ ಕಿರಿಮಗ ಚನ್ನರಾಯಪ್ಪನಿಗೆ ಅವಳನ್ನು ಕೊಟ್ಟರು. ಒಂದೇ ಸೂರಿನಡಿ ಅತ್ತೆಯೂ ಮುನಿಗಂಗಮ್ಮ, ಸೊಸೆಯೂ ಮುನಿಗಂಗಮ್ಮ. ಗಂಡನಾದವನು ಹೆತ್ತ ತಾಯಿಯ ಹೆಸರು ಹಿಡಿದು ಹೆಂಡತಿಯನ್ನು ಗದರಿಸೋದುಂಟೇ? ಹೊಸಿಲು ದಾಟಿದ ದಿನವೇ ಅವಳ ಹೆಸರು ಹೋಯಿತು. ಹುಟ್ಟಿದೂರು ರಾಯಲ್ಪಾಡಿನ ಹೆಸರೇ ಅವಳಿಗೆ ಅಂಟಿಕೊಂಡಿತು.

ಅವಳನ್ನು ಕಾಗದಗಳಲ್ಲಿ ಹುಡುಕೋಕೆ ಹೊರಟು ನಾನು ಪಟ್ಟ ಪಾಡು ಯಾರಿಗೂ ಬೇಡ. ಯುದ್ಧದ ಕಾಲದ ರೇಷನ್ ಚೀಟಿ ಒಂದು ಮನೆಯಲ್ಲಿ ಉಳಿದಿತ್ತು. ಆಸೆಯಿಂದ ಬಿಚ್ಚಿದರೆ, “ಚನ್ನರಾಯಪ್ಪ, ಹೆಂಗಸು ಒಂದು, ಮಗು ಒಂದು” ಅಂತಿದೆ. ಎತ್ತು ಮಾರಿದ ಚೀಟಿಯಲ್ಲಾದರೂ ಅದರ ಬಣ್ಣ ಬರೆಯುತ್ತಾರೆ! ಊರಿನ ಜನನ ಮರಣದ ಪುಸ್ತಕದಲ್ಲಿ ಮುನಿಗಂಗಮ್ಮ ಸಿಕ್ಕಳು, ಸಾವಿರದ ಒಂಬೈನೂರ ನಲವತ್ತೊಂದರಲ್ಲಿ ಸತ್ತಳು ಅಂತ. ಅದು ಅತ್ತೆ. ಸೊಸೆ ಯಾವಾಗ ಸತ್ತಳು ಅನ್ನೋದು ಯಾವ ಪುಸ್ತಕದಲ್ಲೂ ಇಲ್ಲ. ಕಾಗದದ ಪ್ರಕಾರ ಅವಳು ಹುಟ್ಟೇ ಇಲ್ಲ, ಸಾಯೋದು ಎಲ್ಲಿಂದ ಬಂತು?

ಹಾಗಾಗಿ ಮುಂದಿನದೆಲ್ಲ ಅಮ್ಮ ಹೇಳಿದ್ದು.

ಮದುವೆಯಲ್ಲಿ ಅಜ್ಜಿಗೆ ಅವಳ ಅಪ್ಪ ಶ್ರೀರಾಮಪ್ಪ ಒಂದು ಹಸು ಕೊಟ್ಟಿದ್ದ. ಅದರ ಕರುಗಳನ್ನು ಸಾಕಿ, ಮಾರಿ, ಕೆರೆ ಹಿಂದಿನ ಒಂದು ತುಂಡು ಕಲ್ಲುನೆಲ ಕೊಂಡಳು. ರಾಯಲ್ಪಾಡಿನಿಂದ ಮಾವಿನ ಸಸಿಗಳನ್ನು ಬುಟ್ಟಿಯಲ್ಲಿಟ್ಟುಕೊಂಡು ತಂದಳು. ಬೇಸಿಗೆಯೆಲ್ಲ ಕೆರೆಯಿಂದ ಬಿಂದಿಗೆ ಹೊತ್ತು ನೀರುಣಿಸಿದಳು. ಅತ್ತೆಯೂ ಸಂಜೆ ಹೋಗಿ ಗಿಡದ ಬುಡ ಕೆದಕೋಳು; ಇಬ್ಬರೂ ಒಳ್ಳೆ ಜೊತೆ. ಖಾತೆ ಬರೆಸುವಾಗ “ಮುನಿಗಂಗಮ್ಮ” ಅಂತ ಬರೆದರು. ಯಾರ ಹೆಂಡತಿ, ಯಾರ ಮಗಳು ಅಂತ ಬರೀಲಿಲ್ಲ. ಮನೆ ಒಂದೇ ಇದ್ದಾಗ ಅದನ್ನು ಯಾರು ಕೇಳಬೇಕು?

ಅತ್ತೆ ಸತ್ತಳು. ಮರ ಮೊದಲ ಫಸಲು ಕೊಟ್ಟ ವರ್ಷ ಚನ್ನರಾಯಪ್ಪನ ಅಣ್ಣ ದೊಡ್ಡವೆಂಕಟಪ್ಪ ಬಂದು ಜಗಲಿ ಮೇಲೆ ಕೂತ. “ತೋಪು ನಮ್ಮವ್ವನ ಹೆಸರಲ್ಲಿದೆ. ಅಣ್ಣತಮ್ಮಂದಿರಿಗೆ ಭಾಗ ಆಗ್ಬೇಕು.”

“ಅದು ನನ್ನ ತೋಪು, ದೊಡ್ಡಮಾವ. ನನ್ನ ಹೆಸರೇ ಅಲ್ಲಿರೋದು.”

“ಅತ್ತೆ ಸೀರೆ ಉಟ್ಟಾಯ್ತು, ಒಡವೆ ಇಟ್ಟಾಯ್ತು, ಈಗ ಹೆಸರೂ ಬೇಕಾ ನಿಂಗೆ?”

ವಿಷಯ ತಾಲ್ಲೂಕು ಕಚೇರಿಗೆ ಹೋಯಿತು. ಅಜ್ಜಿ ಎತ್ತಿನ ಗಾಡಿಯಲ್ಲಿ ಸಾಕ್ಷಿಗಳನ್ನು ಕೂರಿಸಿಕೊಂಡು, ಎಲ್ಲರಿಗೂ ಬುತ್ತಿ ಕಟ್ಟಿಕೊಂಡು ಹೋದಳು. ಅಮಲ್ದಾರರು ಆಂಜಿನಮ್ಮನನ್ನು ಕೇಳಿದರು, “ಈಕೆ ಹೆಸರೇನಮ್ಮ?”

“ರಾಯಲ್ಪಾಡಮ್ಮ, ಸ್ವಾಮಿ.”

“ಅದು ಕರೆಯೋ ಹೆಸರು. ನಿಜವಾದ ಹೆಸರು?”

“ನಾವು ಕರೆಯೋದೇ ನಿಜ, ಸ್ವಾಮಿ. ಸುಳ್ಳು ಹೆಸರು ಯಾಕೆ ಕರೀತೀವಿ?”

ಕಚೇರಿಯೆಲ್ಲ ನಕ್ಕಿತು. ಅಜ್ಜಿ ಮಾತ್ರ ನಗಲಿಲ್ಲ. ಬಂದ ಸಾಕ್ಷಿಗಳೆಲ್ಲ ಅದನ್ನೇ ಅಂದರು; ಉಳಿದಿದ್ದವನು ಗಂಡ ಒಬ್ಬನೇ.

“ನಿನ್ನ ಹೆಂಡತಿ ಹೆಸರು ಹೇಳಪ್ಪ.”

ಚನ್ನರಾಯಪ್ಪ ಹೆಗಲ ಮೇಲಿನ ವಲ್ಲಿಯಿಂದ ಮುಖ ಒರೆಸಿಕೊಂಡ. ಎದುರಿಗೆ ಅಣ್ಣ, ಪಕ್ಕದಲ್ಲಿ ಹೆಂಡತಿ. ಬಾಯಿಗೆ ಬಂದದ್ದು ದಿನಾ ಬರುತ್ತಿದ್ದದ್ದೇ. “ರಾಯಲ್ಪಾಡಮ್ಮ.”

“ನಾ ಪೇರು ನಾಕು ಲೇದಾ, ಮಾವಾ?” ಅಂತ ಅಜ್ಜಿ ಕೂಗಿದಳಂತೆ. ನನ್ನ ಹೆಸರು ನನಗಿಲ್ವಾ ಅಂತ. ಅಂದು ಅದು ಯಾರಿಗೂ ಹಾಡಿನಂತೆ ಕೇಳಿಸಲಿಲ್ಲ. ಗುಮಾಸ್ತ ಆಗಲೇ ಬರೆದಾಗಿತ್ತು. ಆ ಕಾಗದ ಈಗಲೂ ಇದೆ, ನಾನೇ ನೋಡಿದ್ದೇನೆ: ಆಕೆಯ ಹೆಸರು ರಾಯಲ್ಪಾಡಮ್ಮ ಎಂದು ಗಂಡನೇ ಹೇಳಿರುತ್ತಾನೆ. ಸರ್ಕಾರದ ಕಾಗದದಲ್ಲಿ ನಮ್ಮಜ್ಜಿ ಸಿಕ್ಕಿದ್ದು ಅದೊಂದೇ ಕಡೆ, ಅದೂ ಅವಳಲ್ಲ.

ಗಾಡಿ ಊರಿಗೆ ತಿರುಗಿತು. ಬುತ್ತಿ ಕಟ್ಟಿದಂತೆಯೇ ವಾಪಸ್ ಬಂತು.

“ಬಾಯಿ ತಪ್ಪಿತು ಅಮ್ಮಿ,” ಅಂದ ಚನ್ನರಾಯಪ್ಪ, ಮನೆಗೆ ಬಂದ ಮೇಲೆ.

“ತಪ್ಪಿದ್ರೆ ತಿದ್ದಬಹುದು. ನಾಳೆನೇ ಹೋಗೋಣ. ನನ್ನ ಹೆಸರು ಹೇಳು, ಸಾಕು.”

“ಅವ್ವ ಹೋಗಿ ಎರಡು ವರ್ಷ ಆಗಿಲ್ಲ. ಆ ಹೆಸರಿಂದ ನಿನ್ನ ಹೆಂಗೆ ಕರೀಲಿ? ನಾಲಗೆ ಏಳಲ್ಲ ಕಣೇ.”

“ನಾನು ಹೊತ್ತ ನೀರು ಯಾವ ಹೆಸರಲ್ಲಿ ಹೊತ್ತೆ ಮಾವ?”

ಅವನು ಎದ್ದು ಜಗಲಿಗೆ ಹೋದ. ಖಾತೆಯ ಮುನಿಗಂಗಮ್ಮ ಸತ್ತ ಅತ್ತೆಯೇ ಅಂತಾಗಿ ತೋಪು ಎರಡು ಭಾಗವಾಯಿತು. ನಡುವೆ ಬೇಲಿ ಬಂತು. ಬೇಲಿ ಹಾಕಿದ ದಿನ ಅಜ್ಜಿ ಹಸುವಿಗೆ ಹುಲ್ಲು ಹಾಕಿ, ಒಲೆ ಸಾರಿಸಿ, ಸೀರೆ ಗಂಟು ಕಟ್ಟಿದಳು. ನಮ್ಮಮ್ಮ ಆಗ ಪುಟ್ಟ ಹುಡುಗಿ. ಅವಳ ತಲೆ ಬಾಚಿ, ಕೈ ಹಿಡಿದು ಅಂಗಳಕ್ಕೆ ಇಳಿದಳು.

“ಎಲ್ಲಿಗೆ?” ಚನ್ನರಾಯಪ್ಪ ಜಗಲಿಯಿಂದ ಎದ್ದ.

“ರಾಯಲ್ಪಾಡಿಗೆ. ಅಲ್ಲಿ ನನ್ನ ಗಂಗಾ ಅಂತಾದ್ರೂ ಕರೀತಾರೆ.”

“ಏ, ಇವಳೇ… ನಿಂತ್ಕೊ.”

ಅವಳು ತಡಿಕೆ ಬಾಗಿಲ ಹತ್ತಿರ ನಿಂತಳು. ತಿರುಗಲಿಲ್ಲ. “ಹೆಸರು ಹಿಡಿದು ಕರಿ ಮಾವ. ಒಂದೇ ಸಲ. ಗಂಟು ಬಿಚ್ಚಿ ಒಳಗೆ ಬರ್ತೀನಿ.”

ಆಂಜಿನಮ್ಮ ತನ್ನ ಬಾಗಿಲಲ್ಲಿ ಮೊರ ಹಿಡಿದು ನಿಂತಿದ್ದಳು. ಕೇರುವುದನ್ನು ನಿಲ್ಲಿಸಿದಳು. ಚನ್ನರಾಯಪ್ಪನ ತುಟಿ ಅಲುಗಿದ್ದನ್ನು ನಮ್ಮಮ್ಮ ತಿರುಗಿ ನೋಡಿದಳಂತೆ. “ಮು…” ಅಂದ. ಕೊನೆಗೆ ಹೊರಬಿದ್ದದ್ದು, “ರಾಯಲ್ಪಾಡಮ್ಮಾ…”

ಅಜ್ಜಿ ತಡಿಕೆ ಎತ್ತಿ, ದಾಟಿ, ಮತ್ತೆ ಮುಚ್ಚಿದಳು. ಹಸು ಆಚೆ ಹೋಗದಂತೆ ಹಗ್ಗವನ್ನೂ ಸುತ್ತಿ, ಮಗಳ ಕೈ ಹಿಡಿದು ನಡೆದಳು.